ಸ್ವೆನ್ ಕ್ರಾಮರ್ ಮತ್ತು ಹತ್ತು ಸಾವಿರ ಮೀಟರಿನ ಲೆಕ್ಕ

ನೆದರ್ಲೆಂಡ್ಸಿನ ಸ್ಪೀಡ್ ಸ್ಕೇಟರ್ (ಮಂಜುಗಡ್ಡೆಯ ಅಂಗಣದ ಮೇಲೆ ಸ್ಕೇಟ್ ಕಟ್ಟಿಕೊಂಡು ವೇಗದಲ್ಲಿ ಸ್ಪರ್ಧಿಸುವವರು) ಸ್ವೆನ್ ಕ್ರಾಮರ್ 2007ರ ಮಾರ್ಚ್‌ನಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ 10,000 ಮೀಟರನ್ನು 12 ನಿಮಿಷ 41.69 ಸೆಕೆಂಡುಗಳಲ್ಲಿ ಮುಗಿಸಿ ಸ್ಥಾಪಿಸಿದ ವಿಶ್ವದಾಖಲೆ 2015ರವರೆಗೆ ಉಳಿದಿತ್ತು. ಆದರೂ ಇದೇ ದೂರದಲ್ಲಿ ಅವರಿಗೆ ಒಲಿಂಪಿಕ್ ಚಿನ್ನ ಒಮ್ಮೆಯೂ ದಕ್ಕಲಿಲ್ಲ. ಅವರ ಕ್ರೀಡಾಜೀವನವನ್ನು ಅಭ್ಯಾಸ ಮಾಡುವವರು ಪದಕಪಟ್ಟಿಗಿಂತ ಮೊದಲು ಈ ವೈರುಧ್ಯವನ್ನು ಗಮನಿಸಬೇಕೆಂಬುದು ನನ್ನ ಅಭಿಪ್ರಾಯ.

ಕ್ರಾಮರ್ ಹುಟ್ಟಿದ್ದು 1986ರಲ್ಲಿ, ಥಿಯಾಲ್ಫ್ ಸ್ಕೇಟಿಂಗ್ ಅಂಗಣಕ್ಕೆ ಹೆಸರಾದ ಹೇರನ್‌ವೇನ್ ಪಟ್ಟಣದಲ್ಲಿ. ತಂದೆ ಯೆಪ್ ಕ್ರಾಮರ್ ಕೂಡ ಸ್ಕೇಟರ್ ಆಗಿದ್ದವರು. ಮಗನ ಬಲ ಇದ್ದದ್ದು ಸುತ್ತಿನಿಂದ ಸುತ್ತಿಗೆ ವೇಗ ಕುಗ್ಗದಂತೆ ನೋಡಿಕೊಳ್ಳುವುದರಲ್ಲಿ. 10,000 ಮೀಟರ್ ಎಂದರೆ 400 ಮೀಟರಿನ 25 ಸುತ್ತು. ಮೇಲಿನ ದಾಖಲೆಯನ್ನು 25ರಿಂದ ಭಾಗಿಸಿದರೆ ಸುತ್ತಿಗೆ ಸರಾಸರಿ 30.47 ಸೆಕೆಂಡು ಬರುತ್ತದೆ. ನಿಂತಲ್ಲಿಂದ ಹೊರಡುವ ಮೊದಲ ಸುತ್ತು ನಿಧಾನವಾಗಿಯೇ ಇರುವುದರಿಂದ, ತೊಡೆ ಮತ್ತು ಸೊಂಟ ದಣಿದ ಮೇಲಿನ ಸುತ್ತುಗಳಲ್ಲೂ ಅವರು ಈ ವೇಗದ ಆಸುಪಾಸಿನಲ್ಲೇ ಇರಬೇಕಾಗಿತ್ತು.

ಆಲ್‌ರೌಂಡ್ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಈ ಗುಣಕ್ಕೆ ತಕ್ಕ ಪ್ರತಿಫಲವಿದೆ. ಅಲ್ಲಿ ಪುರುಷರು 500, 1,500, 5,000 ಮತ್ತು 10,000 ಮೀಟರ್ ಓಡುತ್ತಾರೆ; ಪ್ರತಿ ದೂರದ ಕಾಲವನ್ನು 500 ಮೀಟರಿಗೆ ಇಳಿಸಿ ಅಂಕವಾಗಿ ಕೂಡುತ್ತಾರೆ, ಒಟ್ಟು ಅಂಕ ಕಡಿಮೆ ಇದ್ದವರು ಗೆಲ್ಲುತ್ತಾರೆ. ಈ ಲೆಕ್ಕದಲ್ಲಿ 500 ಮೀಟರಿನಲ್ಲಿ ಕಳೆದುಕೊಂಡ ಒಂದು ಸೆಕೆಂಡನ್ನು ಮರಳಿ ಗಳಿಸಲು 10,000 ಮೀಟರಿನಲ್ಲಿ 20 ಸೆಕೆಂಡುಗಳ ಅಂತರ ಬೇಕು. ಹಾಗಾಗಿ ಕೊನೆಯ ಓಟದ ಹೊತ್ತಿಗೆ ಹಿಂದುಳಿದಿದ್ದರೂ ದೂರದ ಓಟಗಾರನಿಗೆ ಅವಕಾಶ ಉಳಿದೇ ಇರುತ್ತದೆ, ಆದರೆ ಮೊದಲಿನ ನಷ್ಟ ಮಿತಿಯಲ್ಲಿರಬೇಕು. ಕ್ರಾಮರ್ 2007ರಿಂದ 2010ರವರೆಗೆ ಸತತವಾಗಿ ಮತ್ತು ಒಟ್ಟಾರೆ 9 ಬಾರಿ ಈ ಪ್ರಶಸ್ತಿ ಗೆದ್ದರು. ನಡುವೆ ಗಾಯದಿಂದಾಗಿ 2010-11ರ ಋತು ಪೂರ್ತಿ ಕೈತಪ್ಪಿತು.

ಇನ್ನು 2010ರ ವ್ಯಾಂಕೂವರ್ ಒಲಿಂಪಿಕ್ಸ್. 5,000 ಮೀಟರಿನಲ್ಲಿ ಚಿನ್ನ ಗೆದ್ದಿದ್ದ ಕ್ರಾಮರ್ 10,000 ಮೀಟರಿನಲ್ಲಿಯೂ ಮುಂದಿದ್ದರು. ಸ್ಕೇಟರ್‌ಗಳು ಜೋಡಿಯಾಗಿ ಓಡುವಾಗ ಪ್ರತಿ ಸುತ್ತಿನಲ್ಲಿ ಒಮ್ಮೆ ಒಳಪಥ ಮತ್ತು ಹೊರಪಥವನ್ನು ಅದಲುಬದಲು ಮಾಡಿಕೊಳ್ಳಬೇಕು. ಹಾಗೆ ಮಾಡಿದರೆ ಮಾತ್ರ ಇಬ್ಬರೂ ಓಡುವ ದೂರ ಸಮನಾಗುತ್ತದೆ. ಹೊರಪಥಕ್ಕೆ ಸಾಗುತ್ತಿದ್ದ ಕ್ರಾಮರ್ ಅವರಿಗೆ ತರಬೇತುದಾರ ಗೆರಾರ್ಡ್ ಕೆಮ್ಕರ್ಸ್ ಒಳಪಥದ ಕಡೆಗೆ ಸೂಚನೆ ಕೊಟ್ಟರು. ತಿರುವು ಹತ್ತಿರವಾಗಿದ್ದ ಆ ಕ್ಷಣದಲ್ಲಿ ಕ್ರಾಮರ್ ಅದನ್ನು ನಂಬಿ ಒಳಗೆ ಹೊರಳಿದರು. ಓಟ ಮುಗಿಸಿದಾಗ ಗಡಿಯಾರದಲ್ಲಿ 12:54.50 ಇತ್ತು. ಅನರ್ಹತೆಯ ಸುದ್ದಿಯನ್ನು ಕೆಮ್ಕರ್ಸ್ ತಿಳಿಸಿದ್ದು ಆಮೇಲೆ. ಕ್ರಾಮರ್ ಸಿಟ್ಟಿನಿಂದ ಕನ್ನಡಕ ಕಿತ್ತೆಸೆದರು. ಚಿನ್ನ 12:58.55ರಲ್ಲಿ ಮುಗಿಸಿದ ದಕ್ಷಿಣ ಕೊರಿಯಾದ ಲೀ ಸಿಯುಂಗ್-ಹೂನ್ ಪಾಲಾಯಿತು.

ತಪ್ಪಿನಿಂದ ಅವರಿಗೆ ಸಿಕ್ಕ ಲಾಭವೆಷ್ಟು? ಪಥದ ಅಗಲ 4 ಮೀಟರ್ ಎಂದಿಟ್ಟುಕೊಂಡರೆ, ಅರ್ಧವೃತ್ತದ ತಿರುವೊಂದರಲ್ಲಿ ಒಳಪಥ ಹೊರಪಥಕ್ಕಿಂತ 4ನ್ನು ಪೈನಿಂದ ಗುಣಿಸಿದಷ್ಟು, ಅಂದರೆ ಸುಮಾರು 12.6 ಮೀಟರ್, ಚಿಕ್ಕದು. ಅವರ ವೇಗಕ್ಕೆ ಇದು ಹತ್ತಿರಹತ್ತಿರ ಒಂದು ಸೆಕೆಂಡು. ಅವರ ಮುನ್ನಡೆಯಾದರೋ 4.05 ಸೆಕೆಂಡು. ಆದರೆ ನಿಯಮವು ಲಾಭದ ಪ್ರಮಾಣವನ್ನು ಕೇಳುವುದಿಲ್ಲ. ನಿಗದಿತ ದೂರ ಓಡದವರಿಗೆ ಫಲಿತಾಂಶವೇ ಇಲ್ಲ. ಇದು ಕಠಿಣವೆನಿಸಿದರೂ, ಸೆಕೆಂಡುಗಳನ್ನು ಕೂಡಿಸಿ ಶಿಕ್ಷೆ ಕೊಡುವ ಪದ್ಧತಿಗಿಂತ ಇದೇ ಸರಿಯೆಂದು ನನಗೆ ತೋರುತ್ತದೆ.

2014ರ ಸೋಚಿಯಲ್ಲಿ ಕ್ರಾಮರ್ 5,000 ಮೀಟರ್ ಮತ್ತು ಟೀಮ್ ಪರ್ಸ್ಯೂಟ್ (ಮೂವರ ತಂಡಗಳ ಓಟ) ಎರಡರಲ್ಲೂ ಗೆದ್ದರು. 10,000 ಮೀಟರಿನಲ್ಲಿ ಸ್ವದೇಶದ ಯೋರಿಟ್ ಬರ್ಗ್ಸ್ಮಾ 12:44.45ರಲ್ಲಿ ಓಡಿ ಅವರನ್ನು ಬೆಳ್ಳಿಗೆ ಇಳಿಸಿದರು. ಈ ಸೋಲಿಗೆ ಪಥದ ಗೊಂದಲ ಕಾರಣವಾಗಿರಲಿಲ್ಲ. 2018ರ ಪ್ಯೊಂಗ್‌ಚಾಂಗ್‌ನಲ್ಲಿ 5,000 ಮೀಟರಿನ ಚಿನ್ನ ಸತತ ಮೂರನೆಯ ಬಾರಿ ಅವರದಾಯಿತು; 10,000 ಮೀಟರಿನಲ್ಲಿ ಆರನೆಯ ಸ್ಥಾನ ಬಂತು. ಅದನ್ನು ಗೆದ್ದ ಕೆನಡಾದ ಟೆಡ್-ಯಾನ್ ಬ್ಲೂಮನ್ ಅವರೇ 2015ರಲ್ಲಿ 12:36.30 ಓಡಿ ಕ್ರಾಮರ್ ಅವರ ವಿಶ್ವದಾಖಲೆಯನ್ನು ಅಳಿಸಿದ್ದವರು.