ಮೌಂಟನ್ ಬೈಕಿನ ಮೂತಿ ಯಾಕೆ ಉದ್ದವಾಯಿತು?

ಹಳೇ ಮೌಂಟನ್ ಬೈಕ್ ಹುಚ್ಚಿರುವವರ ಮುಂದೆ ಹೊಸ ಸೈಕಲ್ಲಿನ ಮಾತೆತ್ತಿ ನೋಡಿ, "ಅದೆಂಥ ಸೈಕಲ್ಲು, ಎಂಜಿನ್ ಕಳಚಿಟ್ಟ ಮೋಟರ್‌ಸೈಕಲ್ಲು" ಎಂಬ ಉತ್ತರ ಗ್ಯಾರಂಟಿ. ನಾನೂ ಅದೇ ಪಂಗಡ. ನನ್ನದು ತೊಂಬತ್ತರ ದಶಕದ ಶುರುವಿನ ಸ್ಟೀಲ್ ಫ್ರೇಮು, ಸಸ್ಪೆನ್ಷನ್ ಇಲ್ಲದ ಫೋರ್ಕು, 26 ಇಂಚಿನ ಚಕ್ರ, ರಿಮ್ ಹಿಡಿಯುವ ಬ್ರೇಕು. ಇತ್ತೀಚೆಗೆ ಗೆಳೆಯನೊಬ್ಬನ ಹೊಸ ಸೈಕಲ್ಲನ್ನು ಕ್ಯಾಲಿಫೋರ್ನಿಯಾದ ಫೇರ್‌ಫ್ಯಾಕ್ಸ್ ಊರಿನ ಪಕ್ಕದ ರಿಪ್ಯಾಕ್ ರಸ್ತೆಯಲ್ಲಿ ಇಳಿಸಿ ನೋಡುವ ಅವಕಾಶ ಸಿಕ್ಕಿತು. 29 ಇಂಚಿನ ಚಕ್ರ, ಹಿಂದೆ ಮುಂದೆ ಎರಡೂ ಕಡೆ 140 ಮಿಲಿಮೀಟರ್ ಕುಗ್ಗುವ ಸಸ್ಪೆನ್ಷನ್. ಸಸ್ಪೆನ್ಷನ್ ಮಜಾ ಕೊಟ್ಟಿತು, ಸುಳ್ಳು ಯಾಕೆ ಹೇಳಲಿ. ಆದರೆ ಅದನ್ನು ಬದಿಗಿಟ್ಟು ನೋಡಿದರೂ ಅದು ಬೇರೆಯದೇ ಗಾಡಿ. ಕಾರಣ ಹುಡುಕಿದರೆ ಒಂದು ಕೋನ, ಒಂದಿಷ್ಟು ಉದ್ದ, ಹ್ಯಾಂಡಲ್ ಮೇಲಿನ ಒಂದು ಪುಟ್ಟ ಲಿವರ್ ಸಿಗುತ್ತವೆ. ತಮಾಷೆ ಏನೆಂದರೆ ಇವುಗಳಲ್ಲಿ ಅರ್ಧಕ್ಕರ್ಧ ಇದೇ ರಿಪ್ಯಾಕ್ ಇಳಿಜಾರಿನ ಜನರಿಗೆ ನಲವತ್ತು ವರ್ಷಕ್ಕೂ ಹಿಂದೆಯೇ ಹೊಳೆದಿತ್ತು.

ರಿಪ್ಯಾಕ್ ಒಂದು ಮಣ್ಣಿನ ರಸ್ತೆ. ಕಾಡ್ಗಿಚ್ಚು ಆರಿಸುವ ಗಾಡಿಗಳು ಓಡಾಡಲೆಂದು ಮಾಡಿದ್ದು. ಮೂರು ಚಿಲ್ಲರೆ ಕಿಲೋಮೀಟರಿನಲ್ಲಿ ಸುಮಾರು 400 ಮೀಟರ್ ಇಳಿಯುತ್ತದೆ. 1976ರ ಅಕ್ಟೋಬರ್ 21ರಂದು ಫೇರ್‌ಫ್ಯಾಕ್ಸ್ ಇರುವ ಮರಿನ್ ಕೌಂಟಿಯ ಒಂದಷ್ಟು ಹುಡುಗರು ಇಲ್ಲಿ ರೇಸ್ ಶುರು ಮಾಡಿದರು. ಅವರ ಸೈಕಲ್ಲುಗಳು 1930-40ರ ದಶಕದ ದಪ್ಪ ಟೈರಿನ ಗುಜರಿ ಮಾಲು, ಶ್ವಿನ್ ಎಕ್ಸೆಲ್ಸಿಯರ್ ಥರದವು. ಬ್ರೇಕು ಹಿಂದಿನ ಚಕ್ರದ ನಡುವಿನ ಗುಂಭದೊಳಗೆ, ಅಂದರೆ ಹಬ್ಬಿನೊಳಗೆ, ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವಂಥದ್ದು. ಸವಾರನೂ ಸೈಕಲ್ಲೂ ಸೇರಿ 90 ಕಿಲೋ ಎಂದಿಟ್ಟುಕೊಳ್ಳಿ. 400 ಮೀಟರ್ ಇಳಿದರೆ ಸುಮಾರು 350 ಕಿಲೋಜೂಲ್ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಒಂದು ಲೀಟರ್ ತಣ್ಣೀರನ್ನು ಕುದಿ ಬರಿಸಲು ಬೇಕಾಗುವುದೂ ಹೆಚ್ಚುಕಮ್ಮಿ ಅಷ್ಟೇ. ಗಾಳಿಗೆ, ಮಣ್ಣಿಗೆ ಹೋದದ್ದು ಬಿಟ್ಟು ಉಳಿದದ್ದೆಲ್ಲ ಒಂದು ಮುಷ್ಟಿ ಗಾತ್ರದ ಹಬ್ಬಿಗೆ! ಒಳಗಿನ ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲ ಇಳಿದ ಮೇಲೂ ಹಬ್ ಬಿಚ್ಚಿ ಹೊಸ ಗ್ರೀಸ್ ತುಂಬಬೇಕಿತ್ತು. ರಿಪ್ಯಾಕ್ ಎಂದರೆ ಮತ್ತೆ ತುಂಬುವುದು, ರಸ್ತೆಗೆ ಆ ಹೆಸರು ಬಂದದ್ದೂ ಹಾಗೆ. ಇಷ್ಟಾದರೂ ಅವರಲ್ಲೊಬ್ಬ, ಗ್ಯಾರಿ ಫಿಶರ್, 4 ನಿಮಿಷ 22 ಸೆಕೆಂಡಿನಲ್ಲಿ ಕೆಳಗೆ ಮುಟ್ಟಿದ್ದ. (ಈಗ ಅಲ್ಲಿ ಗಂಟೆಗೆ 15 ಮೈಲಿಯ ಮಿತಿ ಇದೆ. ಹಾಗಾಗಿ ದಾಖಲೆ ಮುರಿಯುವ ಆಸೆ ಬೇಡ.)

ಗುಜರಿ ಫ್ರೇಮುಗಳು ಮುರಿಯತೊಡಗಿದಾಗ 1977ರಲ್ಲಿ ಅದೇ ಗುಂಪಿನ ಜೋ ಬ್ರೀಜ್ ಇದೇ ಕೆಲಸಕ್ಕೆಂದು ಹೊಸದಾಗಿ ಒಂದು ಫ್ರೇಮ್ ಕಟ್ಟಿದ. ಆ ಮೊದಲ ಬ್ರೀಜರ್ ಈಗ ಅಮೆರಿಕದ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ. ಅವನು ಆಕಾರವನ್ನು ಹಳೇ ಎಕ್ಸೆಲ್ಸಿಯರ್‌ನಿಂದಲೇ ಎತ್ತಿಕೊಂಡ. ಯಾಕೆಂದರೆ ಇಳಿಜಾರಿನಲ್ಲಿ ಅದು ಚೆನ್ನಾಗಿ ನಡೆಯುತ್ತಿತ್ತು. ಅದರ ಹ್ಯಾಂಡಲ್ ತಿರುಗುವ ಕೊಳವೆ ನೆಲದೊಂದಿಗೆ ಮಾಡುತ್ತಿದ್ದ ಕೋನ 68 ಡಿಗ್ರಿಯ ಆಸುಪಾಸು. ಆಮೇಲೆ ಎಂಬತ್ತರ ದಶಕದಲ್ಲಿ ಏರು ಹತ್ತಿ ಸುತ್ತು ಹೊಡೆಯುವ ರೇಸುಗಳು ಜೋರಾದವು. ಏರಿಗೆ ಚುರುಕಾದ, ಗಿಡ್ಡ ಸೈಕಲ್ ಬೇಕಲ್ವಾ, ಎಲ್ಲರೂ ರಸ್ತೆ ಸೈಕಲ್ಲಿನ ಕಡೆ ನೋಡಿದರು. ಕೋನ 71ಕ್ಕೆ ಏರಿತು. ಹ್ಯಾಂಡಲ್ಲನ್ನು ಫ್ರೇಮಿಗೆ ಸೇರಿಸುವ ಸ್ಟೆಮ್ 13-14 ಸೆಂಟಿಮೀಟರ್ ಮುಂದಕ್ಕೆ ಚಾಚಿತು, ಹ್ಯಾಂಡಲ್ಲಿನ ಅಗಲ 57 ಸೆಂಟಿಮೀಟರಿಗೆ ಕುಗ್ಗಿತು. ನಾವೆಲ್ಲ ಕಣ್ಣಿಗೊತ್ತಿಕೊಳ್ಳುವ ಹಳೇ ಮೌಂಟನ್ ಬೈಕ್ ಎಂದರೆ ಬಹುತೇಕ ಇದೇ. ಗೆಳೆಯನ ಸೈಕಲ್ಲಿನಲ್ಲಿ ಆ ಕೋನ 65 ಡಿಗ್ರಿ, ಸ್ಟೆಮ್ 4 ಸೆಂಟಿಮೀಟರ್, ಹ್ಯಾಂಡಲ್ 78.

ಆರು ಡಿಗ್ರಿ ಎಂಥ ಮಹಾ ವ್ಯತ್ಯಾಸ ಅನ್ನಿಸಬಹುದು. ಹ್ಯಾಂಡಲ್ ಕೊಳವೆಯ ನೇರಕ್ಕೆ ನೆಲದವರೆಗೆ ಒಂದು ಗೆರೆ ಎಳೆಯಿರಿ. ಟೈರು ನೆಲ ಮುಟ್ಟುವ ಜಾಗ ಆ ಗೆರೆಗಿಂತ ಸ್ವಲ್ಪ ಹಿಂದಿರುತ್ತದೆ. ಈ ಅಂತರಕ್ಕೆ ಟ್ರೇಲ್ ಎನ್ನುತ್ತಾರೆ. ಆಫೀಸಿನ ಕುರ್ಚಿ ತಳ್ಳಿದಾಗ ಅದರ ಪುಟ್ಟ ಚಕ್ರಗಳು ತಾವೇ ಹಿಂದಕ್ಕೆ ತಿರುಗಿ ನೇರವಾಗುತ್ತವಲ್ಲ, ಅಲ್ಲಿ ಕೆಲಸ ಮಾಡುವುದೂ ಇದೇ ಅಂತರ. ಚಕ್ರದ ಗಾತ್ರ, ಕೋನ, ಫೋರ್ಕು ಮುಂದಕ್ಕೆ ಚಾಚಿರುವ ಅಳತೆ ಇಟ್ಟು ಲೆಕ್ಕ ಹಾಕಿದರೆ ನನ್ನ ಹಳೆಯದರಲ್ಲಿ ಟ್ರೇಲ್ ಸುಮಾರು 72 ಮಿಲಿಮೀಟರ್ ಬರುತ್ತದೆ, ಹೊಸದರಲ್ಲಿ ಸುಮಾರು 124. ಕಲ್ಲೊಂದು ಮುಂದಿನ ಚಕ್ರವನ್ನು ಪಕ್ಕಕ್ಕೆ ತಳ್ಳಿದಾಗ ಹೊಸ ಸೈಕಲ್ ತಾನಾಗಿ ನೇರಕ್ಕೆ ಬರುತ್ತದೆ. ಹಳೆಯದರಲ್ಲಿ ಆ ಕೆಲಸ ನಿಮ್ಮ ಮಣಿಕಟ್ಟಿನದು.

ಹಾಗಂತ ಸೈಕಲ್ ಬೀಳದೆ ನಿಲ್ಲುವುದಕ್ಕೆ ಟ್ರೇಲ್ ಒಂದೇ ಕಾರಣ ಎಂದುಕೊಳ್ಳಬೇಡಿ. 1970ರಲ್ಲಿ ಡೇವಿಡ್ ಜೋನ್ಸ್ ಎಂಬ ವಿಜ್ಞಾನಿ ಓಡಿಸಲಾಗದ ಸೈಕಲ್ ಮಾಡಲು ಹೊರಟು, ಟ್ರೇಲ್ ಮುಖ್ಯ ಎಂಬ ತೀರ್ಮಾನಕ್ಕೆ ಬಂದಿದ್ದರು. ಆದರೆ 2011ರಲ್ಲಿ ಕೊಯ್ಮನ್, ರುಯಿನಾ ಎಂಬ ಸಂಶೋಧಕರು ಮತ್ತು ಸಂಗಡಿಗರು ಟ್ರೇಲ್ ಇಲ್ಲದೆಯೂ, ಚಕ್ರ ತಿರುಗುವುದರಿಂದ ಬರುವ ಬುಗುರಿ ಬಲ ಇಲ್ಲದೆಯೂ ತಾನೇ ನಿಂತು ಓಡುವ ಗಾಡಿಯನ್ನು ಮಾಡಿ ತೋರಿಸಿದರು. ಭಾರ ಎಲ್ಲೆಲ್ಲಿ ಹಂಚಿಕೆಯಾಗಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಸುಮಾರು ಇನ್ನೂರು ವರ್ಷ ಹಳೇ ಯಂತ್ರ ಇನ್ನೂ ಪೂರ್ತಿ ಗುಟ್ಟು ಬಿಟ್ಟುಕೊಟ್ಟಿಲ್ಲ, ಇರಲಿ.

ಇನ್ನು ಉದ್ದ. ಎರಡು ಚಕ್ರಗಳ ನಡುವಿನ ಅಂತರ ಹಳೆಯದರಲ್ಲಿ ಸುಮಾರು 106 ಸೆಂಟಿಮೀಟರ್, ಹೊಸದರಲ್ಲಿ 122ರ ಹತ್ತಿರ. ಪೆಡಲ್ ಅಚ್ಚಿನಿಂದ ಹಿಂದಿನ ಚಕ್ರದವರೆಗಿನ ಅಳತೆ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ಅಂದರೆ ಬೆಳೆದದ್ದೆಲ್ಲ ಮೂತಿ ಮಾತ್ರ. ಇದರ ಪರಿಣಾಮ ಜೋರಾಗಿ ಬ್ರೇಕ್ ಹಿಡಿದಾಗ ಗೊತ್ತಾಗುತ್ತದೆ. ಸವಾರನ ಗುರುತ್ವ ಕೇಂದ್ರ ನೆಲದಿಂದ 110 ಸೆಂಟಿಮೀಟರ್ ಎತ್ತರದಲ್ಲಿದ್ದು, ಮುಂದಿನ ಟೈರು ಅದಕ್ಕಿಂತ 60 ಸೆಂಟಿಮೀಟರ್ ಮುಂದಿದ್ದರೆ, ಸುಮಾರು 29 ಡಿಗ್ರಿ ಇಳಿಜಾರಿನಲ್ಲಿ ಬ್ರೇಕ್ ಹಿಡಿದು ನಿಂತರೇ ಪಲ್ಟಿ. ಅದೇ ಟೈರು 72 ಸೆಂಟಿಮೀಟರ್ ಮುಂದಿದ್ದು, ಮೈ 95 ಸೆಂಟಿಮೀಟರಿಗೆ ತಗ್ಗಿದ್ದರೆ, 37 ಡಿಗ್ರಿವರೆಗೂ ತಡೆಯುತ್ತದೆ. ಹಳೇ ಸವಾರರು ಇಳಿಜಾರು ಕಂಡ ಕೂಡಲೇ ಸೀಟಿನ ಹಿಂದಕ್ಕೆ ಜಾರಿ ಹಿಂದಿನ ಟೈರಿನ ಮೇಲೆ ಹೆಚ್ಚುಕಮ್ಮಿ ಕೂತೇ ಬಿಡುವುದು ಇದಕ್ಕೇ. ಅದು ಶೋಕಿಯಲ್ಲ, ಪ್ರಾಣ ಉಳಿಸಿಕೊಳ್ಳುವ ಉಪಾಯ.

ಆದರೆ ಅದೇ ಉಪಾಯ ಹೊಸ ಸೈಕಲ್ಲಿಗೆ ಒಗ್ಗುವುದಿಲ್ಲ. ಮೂತಿ ಅಷ್ಟು ಮುಂದಿರುವಾಗ ನೀವು ಹಿಂದಕ್ಕೆ ಹೋದರೆ ಮುಂದಿನ ಚಕ್ರದ ಮೇಲೆ ಭಾರವೇ ಉಳಿಯುವುದಿಲ್ಲ, ಭಾರವಿಲ್ಲದ ಟೈರು ತಿರುವಿನ ಪುಡಿಗಲ್ಲಿನ ಮೇಲೆ ಹಿಡಿತ ಬಿಟ್ಟು ಸುಯ್ಯೆಂದು ಹೊರಗೆ ಸರಿಯುತ್ತದೆ. "ಹಿಂದೆ ಯಾಕೆ ಹೋಗ್ತೀಯ ಮಾರಾಯಾ, ಎದೆ ಮುಂದೆ ತಾ" ಎಂದು ಗೆಳೆಯ ದಾರಿಯುದ್ದಕ್ಕೂ ಕೂಗುತ್ತಲೇ ಇದ್ದ. ಮೊಣಕೈ ಅಗಲಿಸಿ, ಗಲ್ಲ ಹ್ಯಾಂಡಲ್ ಮೇಲೆ ಬರುವಷ್ಟು ಬಗ್ಗಿದರೆ ಅದೇ ಟೈರು ಅದೇ ತಿರುವಿನಲ್ಲಿ ನೆಲ ಕಚ್ಚಿಕೊಳ್ಳುತ್ತದೆ. ತಲೆ ಒಪ್ಪಿದರೂ ಸೊಂಟ ಸುಲಭಕ್ಕೆ ಒಪ್ಪುವುದಿಲ್ಲ.

ಹಾಗೆ ಬಗ್ಗಲು ಸೀಟು ಅಡ್ಡ ಬರಬಾರದು. ಎಡಗೈ ಹೆಬ್ಬೆರಳಿನ ಹತ್ತಿರದ ಲಿವರ್ ಒತ್ತಿ ಸೀಟಿನ ಮೇಲೆ ಭಾರ ಬಿಟ್ಟರೆ ಅದು ಸರ್ರನೆ ಕೆಳಗಿಳಿಯುತ್ತದೆ. ಮತ್ತೆ ಒತ್ತಿದರೆ ಟಕ್ ಎಂದು ಮೇಲೆ. ಒಳಗಿರುವುದು ಗಾಳಿ ತುಂಬಿದ ಕೊಳವೆ, ಒಂದು ವಾಲ್ವು. ನನ್ನನ್ನು ಕೇಳಿದರೆ ಹೊಸ ಸೈಕಲ್ಲಿನ ಅತಿ ದೊಡ್ಡ ಲಾಭ ಇದೇ, ಸಸ್ಪೆನ್ಷನ್ನಿಗಿಂತಲೂ. ಇದರ ಅಜ್ಜ ಕೂಡ ಮರಿನ್‌ನವನೇ. 1984ರಲ್ಲಿ ಅದೇ ಜೋ ಬ್ರೀಜ್, ಜೋಶ್ ಏಂಜೆಲ್ ಜೊತೆ ಸೇರಿ ಹೈಟ್ ರೈಟ್ ಎಂಬ ಸ್ಪ್ರಿಂಗ್ ಮಾರಿದ್ದ. ಸೀಟಿನ ಕ್ಲಾಂಪ್ ಸಡಿಲಿಸಿ ಕೂತರೆ ಇಳಿಯುತ್ತಿತ್ತು, ಎದ್ದರೆ ಸ್ಪ್ರಿಂಗ್ ಮೇಲೆತ್ತುತ್ತಿತ್ತು. ರೇಸಿನವರು ತೂಕ ಜಾಸ್ತಿ ಎಂದು ಕಿತ್ತುಹಾಕಿದರು.

ಚಕ್ರದ ಗಾತ್ರದ ಬಗ್ಗೆ ಸುಮ್ನೆ ಜಾಸ್ತಿ ಗಲಾಟೆ ಮಾಡುತ್ತಾರೆ. 10 ಸೆಂಟಿಮೀಟರ್ ಎತ್ತರದ ಕಲ್ಲಿಗೆ 26 ಇಂಚಿನ ಚಕ್ರ ಸುಮಾರು 46 ಡಿಗ್ರಿಯಲ್ಲಿ ತಾಗಿದರೆ 29 ಇಂಚಿನದು 43ರಲ್ಲಿ ತಾಗುತ್ತದೆ. ಲಾಭ ಇದೆ, ಪವಾಡವಿಲ್ಲ. ಟೈರಿನದು ದೊಡ್ಡ ಕಥೆ. ಒಂದು ಟೈರಿನ ಮೇಲೆ 45 ಕಿಲೋ ಭಾರ ಇದ್ದು ಒಳಗೆ 40 ಪಿಎಸ್‌ಐ ಗಾಳಿ ಇದ್ದರೆ ಅದು ನೆಲಕ್ಕೆ ತಾಗುವ ಜಾಗ ಸುಮಾರು 16 ಚದರ ಸೆಂಟಿಮೀಟರ್. ಗಾಳಿ 20ಕ್ಕೆ ಇಳಿಸಿದರೆ 32. ಹಳೇ ಕಾಲದಲ್ಲಿ ಹಾಗೆ ಇಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಜೋಡಿ ತೂತು ಬಿದ್ದು ಪಂಕ್ಚರ್ ಆಗುತ್ತಿತ್ತು. ಈಗ ಟ್ಯೂಬೇ ಇಲ್ಲ, ಒಳಗೆ ಸಣ್ಣ ತೂತು ತಾನೇ ಮುಚ್ಚುವ ದ್ರಾವಣ ಮಾತ್ರ. ಮೆತ್ತಗಿನ ಟೈರು ಕಲ್ಲಿನ ಸುತ್ತ ಬಾಗಿ ಹಿಡಿದುಕೊಳ್ಳುತ್ತದೆ, ಒರಟು ನೆಲದಲ್ಲಿ ವೇಗವಾಗಿಯೂ ಓಡುತ್ತದೆ. ಗಟ್ಟಿ ಟೈರಾದರೆ ಪ್ರತಿ ಕಲ್ಲಿಗೂ ಸವಾರನನ್ನು ಎತ್ತಿ ಕುಕ್ಕುತ್ತದೆ, ಆ ಶಕ್ತಿ ನಿಮ್ಮ ಮಾಂಸಖಂಡದಲ್ಲಿ ಬಿಸಿಯಾಗಿ ಕರಗುತ್ತದೆ.

ಸಸ್ಪೆನ್ಷನ್ ಬಗ್ಗೆ ಒಂದೇ ಮಾತು. ಅದು ಇರುವುದು ಕುಂಡೆಯ ಸುಖಕ್ಕಲ್ಲ, ಟೈರು ನೆಲ ಬಿಡದಂತೆ ನೋಡಿಕೊಳ್ಳಲು. ಗಾಳಿಯಲ್ಲಿರುವ ಟೈರು ತಿರುಗಿಸಲೂ ಆಗದು, ನಿಲ್ಲಿಸಲೂ ಆಗದು. ಸ್ಪ್ರಿಂಗ್ ಒಂದೇ ಇದ್ದರೆ ಕುಣಿಯುತ್ತಲೇ ಇರುತ್ತದೆ. ಅದಕ್ಕೇ ಎಣ್ಣೆಯನ್ನು ಸಣ್ಣ ರಂಧ್ರಗಳ ಮೂಲಕ ತಳ್ಳಿ ಕುಣಿತವನ್ನು ಬಿಸಿಯಾಗಿಸುತ್ತಾರೆ. 1990ರಲ್ಲಿ ಕೊಲೊರಾಡೋದ ಡುರಾಂಗೋದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ಪಿನ ಇಳಿಜಾರು ರೇಸನ್ನು ಗ್ರೆಗ್ ಹರ್ಬೋಲ್ಡ್ ರಾಕ್‌ಶಾಕ್ಸ್ ಕಂಪನಿಯ ಸಸ್ಪೆನ್ಷನ್ ಫೋರ್ಕಿನೊಂದಿಗೆ ಗೆದ್ದ ಮೇಲೆ ಯಾರೂ ಹಿಂದೆ ನೋಡಲಿಲ್ಲ.

ಕಳೆದುಕೊಂಡದ್ದೂ ಇದೆ. ಮಲಗಿದ ಕೋನದ ಸೈಕಲ್ ನಿಧಾನದ ಏರಿನಲ್ಲಿ ಅತ್ತಿತ್ತ ಓಲಾಡುತ್ತದೆ, ಹ್ಯಾಂಡಲ್ ತಾನಾಗಿ ಒಂದು ಕಡೆ ಬೀಳಲು ನೋಡುತ್ತದೆ. ಇದಕ್ಕೆ ಮದ್ದಾಗಿ ಫ್ರೇಮಿನಲ್ಲಿ ಸೀಟು ಕೂರುವ ಕೊಳವೆಯನ್ನು 76-77 ಡಿಗ್ರಿಗೆ ನೆಟ್ಟಗೆ ಮಾಡಿ ಸವಾರನನ್ನು ಮುಂದಕ್ಕೆ ತಳ್ಳಿದ್ದಾರೆ. ಆದರೂ ಕಿರಿದಾದ ದಾರಿಯಲ್ಲಿ, ಸಾಧಾರಣ ವೇಗದಲ್ಲಿ, ಮರಗಳ ನಡುವೆ ನುಸುಳುವಾಗ ನನ್ನ ಹಳೇ ಗಿಡ್ಡ ಸೈಕಲ್ಲಿನ ಚುರುಕು ಅದಕ್ಕಿಲ್ಲ. ಸರ್ವಿಸ್ ಖರ್ಚಿನ ಮಾತು ಬೇರೆ. ಹಳೆಯದಕ್ಕೆ ನಾಲ್ಕು ಸ್ಪ್ಯಾನರ್, ಒಂದು ಡಬ್ಬಿ ಗ್ರೀಸ್ ಇದ್ದರೆ ಅಂಗಳದಲ್ಲೇ ಓವರಾಯ್ಲಿಂಗ್ ಮುಗಿಯುತ್ತದೆ. ಹೊಸದರ ಫೋರ್ಕು, ಶಾಕು, ಸೀಟಿನ ಕೊಳವೆ, ಬ್ರೇಕಿನ ಎಣ್ಣೆ ಒಂದೊಂದಕ್ಕೂ ಒಂದೊಂದು ಲೆಕ್ಕ.

ಹೊಸದನ್ನು ಓಡಿಸಿ ಬಂದವರೆಲ್ಲ ಮೊದಲು ಕೇಳುವುದು, ಹಳೆಯದಕ್ಕೆ ಇದರಲ್ಲಿ ಏನೇನು ಹಾಕಬಹುದು ಅಂತ. ಹ್ಯಾಂಡಲ್ ಒಂಚೂರು ಅಗಲ ಮಾಡಬಹುದು, 68 ಸೆಂಟಿಮೀಟರಿನವರೆಗೆ ಸರಿ. ಏರಿಳಿಯುವ ಸೀಟಿನ ಕೊಳವೆ 27.2 ಮಿಲಿಮೀಟರ್ ದಪ್ಪದ್ದೂ ಸಿಗುತ್ತದೆ, ನಿಮ್ಮ ಫ್ರೇಮಿನ ಅಳತೆ ಅದೇ ಇದ್ದರೆ ಅದೃಷ್ಟ. ಸ್ಟೆಮ್ ಮಾತ್ರ 4 ಸೆಂಟಿಮೀಟರಿಗೆ ಇಳಿಸಲು ಹೋಗಬೇಡಿ. ಫ್ರೇಮೇ ಗಿಡ್ಡ ಇರುವಾಗ ಮೊಣಕಾಲು ಹ್ಯಾಂಡಲ್ಲಿಗೆ ಬಡಿಯುತ್ತದೆ. ಡಿಸ್ಕ್ ಬ್ರೇಕಿಗೆ ಹಳೇ ಫ್ರೇಮಿನಲ್ಲಿ ಜಾಗವಿಲ್ಲ, ಸುಮ್ನೆ ಬೆಸುಗೆ ಹಾಕಿಸಿ ಹಾಳು ಮಾಡಬೇಡಿ. ಟೈರಿಗೆ ಫ್ರೇಮಿನಲ್ಲಿ ಜಾಗ ಇರುವಷ್ಟು ದಪ್ಪದ್ದನ್ನು ಹಾಕಿ, ಗಾಳಿ ಐದು ಪಿಎಸ್‌ಐ ಇಳಿಸಿ ನೋಡಿ. ಅದಕ್ಕೆ ದುಡ್ಡೂ ಬೇಕಿಲ್ಲ.