ಎಳ್ಳಮಾವಾಸ್ಯೆಗೆ ಯಾರಿಗೆ ರಜೆ?

ಎಳ್ಳಮಾವಾಸ್ಯೆ ದಿನ ಕಲಬುರಗಿ, ಬೀದರ್, ಯಾದಗಿರಿಯ ಮಂದಿ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಭೂಮಿತಾಯಿಗೆ ನೈವೇದ್ಯವಾಗಿ ಚರಗ ಚೆಲ್ಲುತ್ತಾರೆ, ಬಜ್ಜಿ, ಸಜ್ಜೆ ರೊಟ್ಟಿ ಉಣ್ಣುತ್ತಾರೆ. ಅವರನ್ನು ಊರಿಗೆ ಮುಟ್ಟಿಸುವ ಸಾರಿಗೆ ಬಸ್ಸಿನ ಚಾಲಕ, ನಿರ್ವಾಹಕರಿಗೆ ಅದು ಡ್ಯೂಟಿ ದಿನ. ತಪ್ಪಿದ ಆ ರಜೆಯ ಲೆಕ್ಕ ಹಳೆಯದು.

ಈ ಭಾಗ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿದ್ದಾಗ, 1932ರಲ್ಲಿ ನಿಜಾಮ್ ರೈಲ್ವೆ 27 ಬಸ್ಸುಗಳಿಂದ ರಸ್ತೆ ಸಾರಿಗೆ ಆರಂಭಿಸಿತು; 1956ರಲ್ಲಿ ಈ ಭಾಗ ಮೈಸೂರು ರಾಜ್ಯ ಸೇರಿತು; 1961ರಲ್ಲಿ ಸರ್ಕಾರಿ ಸಾರಿಗೆ ಇಲಾಖೆ ನಿಗಮವಾಯಿತು; 2000ದಲ್ಲಿ ಹುಟ್ಟಿದ ಈಶಾನ್ಯ ಸಾರಿಗೆ 2021ರಲ್ಲಿ ಕಲ್ಯಾಣ ಕರ್ನಾಟಕ ಸಾರಿಗೆಯಾಯಿತು.

ರಜೆಯ ಲೆಕ್ಕಕ್ಕೆ ಗಂಟು ಬಿದ್ದದ್ದು 1961ರಲ್ಲಿ. ಸರ್ಕಾರಿ ಕಚೇರಿ ಗುಮಾಸ್ತರ ರಜೆ ನಾಗರಿಕ ಸೇವಾ ನಿಯಮದಲ್ಲೇ ಉಳಿಯಿತು. ಬಸ್ಸಿನವರ ಪಾಲಿಗೆ ಅದೇ ವರ್ಷ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಬಂತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ. 240 ದಿನ ದುಡಿದರೆ 20 ದಿನಕ್ಕೊಂದರಂತೆ ಸಂಬಳಸಹಿತ ರಜೆ. ವಾರದ ರಜೆಯೂ ಉಂಟು. ಆದರೆ ಬಸ್ಸು ನಿಲ್ಲಬಾರದೆಂದು ಆ ದಿನವೂ ಕೆಲಸಕ್ಕೆ ಕರೆಯಬಹುದು. ಹಾಗೆ ರಜೆಯಿಲ್ಲದ ಕೆಲಸ ಸತತ 10 ದಿನ ಮೀರಕೂಡದು, ಹೋದ ರಜೆಗೆ ಬದಲಿ ರಜೆ ಕೊಡಬೇಕು.

ಬಸ್ಸು ನಿಲ್ಲಬಾರದು ಎಂಬ ಮಾತಿನ ಭಾರ ಇಲ್ಲಿನ ಡಿಪೋಗಳಲ್ಲಿ ನಿಂತು ನೋಡಿದರೆ ತಿಳಿಯುತ್ತದೆ. ಶರಣಬಸವೇಶ್ವರ ಜಾತ್ರೆ, ಬಂದೇ ನವಾಜ್ ಉರುಸು, ಮೈಲಾಪುರದ ಮಲ್ಲಯ್ಯನ ಸಂಕ್ರಾಂತಿ: ಊರಿಗೆಲ್ಲ ಹಬ್ಬವಾದಾಗಲೇ ಹೆಚ್ಚುವರಿ ಬಸ್ಸು ಬೇಕು. ನೈಟ್ ಹಾಲ್ಟಿಗೆ ಹೋದವರು ಹಳ್ಳಿಯಲ್ಲಿ ಬಸ್ಸಿನೊಳಗೇ ಮಲಗಿ ನಸುಕಿನ ಮೊದಲ ಟ್ರಿಪ್ ಹೊರಡಿಸುತ್ತಾರೆ. ಸ್ಟೇರಿಂಗ್ ಹಿಡಿದ ಗಂಟೆಗಳನ್ನು ಎಣಿಸುವುದು ಸುಲಭ; ಮಕ್ಕಳ ಮುಖ ನೋಡದ ಆ ರಾತ್ರಿಯನ್ನು ಯಾವ ರಜೆಯಲ್ಲಿ ತುಂಬಿಕೊಡುವುದು?

2019ರಲ್ಲಿ ಸರ್ಕಾರಿ ಕಚೇರಿಗಳಿಗೆ ನಾಲ್ಕನೇ ಶನಿವಾರವೂ ರಜೆಯಾಯಿತು, ಬದಲಿಗೆ ಸಾಂದರ್ಭಿಕ ರಜೆ 15ರಿಂದ 10ಕ್ಕೆ ಇಳಿಯಿತು. ಶನಿವಾರ, ಭಾನುವಾರ ಎಂಬ ಭೇದವೇ ಇಲ್ಲದ ಡ್ಯೂಟಿ ಚಾರ್ಟಿಗೆ ಈ ಕೊಡುಕೊಳ್ಳುವ ಲೆಕ್ಕ ಹೊಂದುವುದಿಲ್ಲ. ತಮ್ಮನ್ನು ಸರ್ಕಾರಿ ನೌಕರರೆಂದು ಪರಿಗಣಿಸಿ ಎಂದು ಸಾರಿಗೆ ನೌಕರರು 2020ರ ಡಿಸೆಂಬರಿನಲ್ಲಿ ಮುಷ್ಕರ ಹೂಡಿದರು. 2021ರ ಏಪ್ರಿಲಿನಲ್ಲಿ ಮತ್ತೆ, ಆರನೇ ವೇತನ ಆಯೋಗದ ಸಂಬಳಕ್ಕಾಗಿ. ಎರಡೂ ಸಲ ಸ್ಥಾನಮಾನ, ಸಂಬಳವೇ ದೊಡ್ಡ ಸುದ್ದಿಯಾಯಿತು, ರಜೆಯ ಮಾತು ಹಿಂದೆ ಸರಿಯಿತು. 2023ರ ಜೂನ್ 11ರಿಂದ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ದೊಡ್ಡ ಆಸರೆಯಾಗಿದೆ. ತುಂಬಿದ ಬಸ್ಸಿನಲ್ಲಿ ನಿಂತು ಟಿಕೆಟ್ ಕೊಡುವ ನಿರ್ವಾಹಕರ ದಣಿವೂ ಅಷ್ಟೇ ನಿಜ.

2020ರಲ್ಲಿ ಸಂಸತ್ತು ಒಪ್ಪಿದ ಕಾರ್ಮಿಕ ಸಂಹಿತೆ ಸಂಬಳಸಹಿತ ರಜೆಗಿದ್ದ 240 ದಿನದ ಮಿತಿಯನ್ನು 180ಕ್ಕೆ ಇಳಿಸಿದೆ. ಬದಲಿ ರಜೆ ಯಾವತ್ತು ಎಂಬುದು ಮಾತ್ರ ಡಿಪೋದಲ್ಲೇ ಗೊತ್ತಾಗಬೇಕು, ಅದೂ ಆ ದಿನ ಅದೇ ಶೆಡ್ಯೂಲಿಗೆ ಇನ್ನೊಬ್ಬ ಚಾಲಕ ಸಿಕ್ಕರೆ.