ಸ್ಟೀವ್ ನ್ಯಾಶ್ ಬಾಸ್ಕೆಟ್‌ಬಾಲ್ ಹಿಡಿದಿದ್ದು ತಡವಾಗಿ, ನಿಮ್ಮ ಮಗುವಿಗೆ ಯಾಕೆ ಇಷ್ಟು ಅವಸರ?

ನಾನು ಫಿಸಿಯೋಥೆರಪಿಸ್ಟ್. ಬಾಸ್ಕೆಟ್‌ಬಾಲ್ ಆಡುವ ಮಕ್ಕಳ ಮಂಡಿ, ಹಿಮ್ಮಡಿ, ಸೊಂಟ ನೋಡುವುದೇ ನನಗೆ ಜಾಸ್ತಿ ಕೆಲಸ. ತಪಾಸಣೆ ಮುಗಿಯುವ ಹೊತ್ತಿಗೆ ಅಪ್ಪನೋ ಅಮ್ಮನೋ ಕೇಳಿಯೇ ಕೇಳುತ್ತಾರೆ, "ಉಳಿದ ಆಟ ಎಲ್ಲ ಬಿಡಿಸಿ ಇದೊಂದನ್ನೇ ಸೀರಿಯಸ್ಸಾಗಿ ಮಾಡಿಸಿಬಿಡ್ಲಾ?" ಮಗುವಿಗೆ ಇನ್ನೂ ಹತ್ತು ವರ್ಷ! ಆಗ ನಾನು ಸ್ಟೀವ್ ನ್ಯಾಶ್ ಹೆಸರು ತೆಗೆಯುತ್ತೇನೆ. ಈಗಿನ ಮಕ್ಕಳಿಗೆ ಸ್ಟೆಫ್ ಕರಿ ಗೊತ್ತು, ಲೂಕಾ ಡಾನ್ಚಿಚ್ ಗೊತ್ತು, ನ್ಯಾಶ್ ಅಂದರೆ ಯಾರು ಅಂತ ಮುಖ ನೋಡುತ್ತಾರೆ. ಪರವಾಗಿಲ್ಲ, ಹೇಳೋಣ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಎರಡು ಸಲ ವರ್ಷದ ಅತ್ಯುತ್ತಮ ಆಟಗಾರ (ಎಂವಿಪಿ) ಆದ ಕೆನಡಾದ ಆಟಗಾರ.

ನ್ಯಾಶ್ ಹುಟ್ಟಿದ್ದು 1974ರಲ್ಲಿ, ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ನಲ್ಲಿ. ವರ್ಣಭೇದ ಇರುವ ಕಡೆ ಮಕ್ಕಳನ್ನು ಬೆಳೆಸುವುದು ಬೇಡ ಅಂತ ಅಪ್ಪ ಅಮ್ಮ ಕೆನಡಾಗೆ ಬಂದರು. ಮೊದಲು ರೆಜೈನಾ, ಆಮೇಲೆ ಪಶ್ಚಿಮ ಕರಾವಳಿಯ ವಿಕ್ಟೋರಿಯಾ. ಅಪ್ಪ ಫುಟ್‌ಬಾಲ್ ಆಟಗಾರ, ಹಾಗಾಗಿ ಮನೆಯಲ್ಲಿ ಮೊದಲು ಬಂದಿದ್ದು ಫುಟ್‌ಬಾಲ್. ಕೆನಡಾದಲ್ಲಿ ಇದ್ದ ಮೇಲೆ ಐಸ್ ಹಾಕಿ ಬಿಡೋಕೆ ಆಗುತ್ತಾ? ಅದೂ ಆಯಿತು. ಜೊತೆಗೆ ಬಲೆ ಕಟ್ಟಿದ ಕೋಲಿನಲ್ಲಿ ಚೆಂಡು ಹಿಡಿದು ಆಡುವ ಲಕ್ರಾಸ್, ರಗ್ಬಿ. ಬಾಸ್ಕೆಟ್‌ಬಾಲ್ ಶುರುವಾಗಿದ್ದು 12-13ನೇ ವಯಸ್ಸಿಗೆ. ನಮ್ಮ ಅಕಾಡೆಮಿಗಳ ಲೆಕ್ಕದಲ್ಲಿ ಆಗಲೇ ಲೇಟು. ತಮ್ಮ ಮಾರ್ಟಿನ್ ಫುಟ್‌ಬಾಲಿನಲ್ಲೇ ಉಳಿದು ಕೆನಡಾ ರಾಷ್ಟ್ರೀಯ ತಂಡಕ್ಕೆ ಆಡಿದರು. ಒಂದೇ ಮನೆ, ಅದೇ ಹಿತ್ತಲು, ಇಬ್ಬರದೂ ಬೇರೆ ಬೇರೆ ಆಟ.

ಈ ಬೇರೆ ಆಟಗಳಿಂದ ನ್ಯಾಶ್‌ಗೆ ಸಿಕ್ಕಿದ್ದು ಏನು? "ಫಿಟ್‌ನೆಸ್" ಅಂತ ಎಲ್ಲರೂ ಹೇಳುತ್ತಾರೆ. ಅದು ಸಣ್ಣ ಮಾತು. ಎತ್ತರ ಸುಮಾರು 190 ಸೆಂ.ಮೀ. ನಮಗೆ ಉದ್ದ ಅನ್ನಿಸಬಹುದು, ಎನ್‌ಬಿಎ ಅಂಗಳದಲ್ಲಿ ಅದು ಸಣ್ಣ ಆಳು. ಜಿಗಿತವೂ ಅಷ್ಟಕ್ಕಷ್ಟೆ. ಆದರೆ ಪಾದ ನೋಡಿ. ಓಡಿ ಬಂದು ಬುಟ್ಟಿಯ ಹತ್ತಿರ ಜಿಗಿದು ಚೆಂಡು ಹಾಕುವ ಲೇ-ಅಪ್ ಕಲಿಸುವಾಗ ನಾವು ಬಲಗೈ ಅಂದರೆ ಎಡಗಾಲಲ್ಲಿ ಜಿಗಿ ಅಂತ ಮಕ್ಕಳ ತಲೆಗೆ ತುಂಬುತ್ತೇವೆ ಅಲ್ವಾ? ನ್ಯಾಶ್ ಯಾವ ಕಾಲು ಮುಂದಿತ್ತೋ ಅದರಲ್ಲೇ ಏಳುತ್ತಿದ್ದರು, ಒಂದು ಹೆಜ್ಜೆ ಮೊದಲೇ, ಹಾಗಾಗಿ ಏಳಡಿ ಡಿಫೆಂಡರ್ ಕೈ ಎತ್ತಿ ತಡೆಯಬೇಕು ಅಂದುಕೊಳ್ಳುವಷ್ಟರಲ್ಲಿ ಚೆಂಡು ಬೋರ್ಡಿಗೆ ತಗುಲಿ ಆಗಿರುತ್ತಿತ್ತು. ಎರಡೂ ಕಾಲಲ್ಲಿ ಚೆಂಡು ಒದ್ದು ಬೆಳೆದವರಿಗೆ ‘ತಪ್ಪು ಕಾಲು’ ಅನ್ನುವುದೇ ಇರುವುದಿಲ್ಲ.

ಇನ್ನೊಂದು, ಚೆಂಡು ಪುಟಿಸುತ್ತಾ (ಡ್ರಿಬಲ್) ಬುಟ್ಟಿಯ ಕೆಳಗೇ ನುಗ್ಗಿ, ಶಾಟ್ ಹೊಡೆಯದೆ, ಬುಟ್ಟಿಯ ಹಿಂದಿನ ಗೆರೆ (ಬೇಸ್‌ಲೈನ್) ಉದ್ದಕ್ಕೂ ಸುತ್ತಿ ಆಚೆ ಕಡೆಯಿಂದ ಹೊರಗೆ ಬರುವುದು. ಡಿಫೆನ್ಸ್ ಎಲ್ಲ ಉಳಿದವರಿಗೆ ಬೆನ್ನು ತಿರುಗಿಸಿ ಅವರನ್ನೇ ನೋಡುತ್ತಾ ನಿಂತಿರುತ್ತಿತ್ತು, ಅಷ್ಟರಲ್ಲಿ ಇನ್ಯಾರಿಗೋ ಪಾಸ್ ಹೋಗಿರುತ್ತಿತ್ತು. ಐಸ್ ಹಾಕಿಯಲ್ಲಿ ಗೋಲಿನ ಹಿಂದೆಯೂ ಆಟ ನಡೆಯುತ್ತದೆ, ಅಲ್ಲಿಂದಲೇ ಪಾಸ್ ಕೊಡುತ್ತಾರೆ. ಆ ಅಭ್ಯಾಸವೇ ಇಲ್ಲಿಗೂ ಬಂತು ಅನ್ನುವುದು ನನ್ನ ಊಹೆ. ಹಳೇ ವಿಡಿಯೋ ಹಾಕಿ ನೋಡಿ, ನಿಮಗೂ ಹಾಗೇ ಅನ್ನಿಸಬಹುದು.

ಇಲ್ಲೊಂದು ಎಚ್ಚರಿಕೆ. ಬಹು ಆಟದ ಕಥೆಗಳಿಗೆ ರೆಕ್ಕೆಪುಕ್ಕ ಬೇಗ ಬರುತ್ತವೆ. ನಮ್ಮ ಆರ್‌ಸಿಬಿಯ ಎಬಿ ಡಿವಿಲಿಯರ್ಸ್ ಬಗ್ಗೆ ವಾಟ್ಸಾಪ್‌ನಲ್ಲಿ ಬಂದಿದ್ದು ನೆನಪಿದೆಯಾ? ಹಾಕಿಯಲ್ಲಿ ಜೂನಿಯರ್ ರಾಷ್ಟ್ರೀಯ ಮಟ್ಟ, ಈಜಿನಲ್ಲಿ ದಾಖಲೆ, ಇನ್ನೂ ಏನೇನೋ. ಹಾಕಿ ಆಡಿದ್ದು ಹೈಸ್ಕೂಲಿನಲ್ಲಿ ಒಂದೇ ವರ್ಷ, ಈಜಿನಲ್ಲಿ ಯಾವ ದಾಖಲೆಯೂ ಇಲ್ಲ ಅಂತ ಆತ್ಮಕಥೆಯಲ್ಲಿ ಅವರೇ ಬರೆದುಕೊಂಡಿದ್ದಾರೆ. ಎಲ್ಲ ಆಟದಲ್ಲೂ ಚಾಂಪಿಯನ್ ಆಗಬೇಕಿಲ್ಲ. ಆಡಿದರೆ ಸಾಕು.

ಇನ್ನು ದೇಹದ ವಿಷಯ. ನನ್ನ ನಿಜವಾದ ತಕರಾರು ಇರುವುದು ಇಲ್ಲೇ. 10ರಿಂದ 15ರ ವಯಸ್ಸಿನಲ್ಲಿ ಮೂಳೆ ಸರಸರ ಬೆಳೆಯುತ್ತದೆ, ಸ್ನಾಯು ಅದರ ಹಿಂದೆ ಎಳೆದಾಡುತ್ತಾ ಬರುತ್ತದೆ. ಮಂಡಿಚಿಪ್ಪಿನಿಂದ ಇಳಿದು ಮಂಡಿಯ ಕೆಳಗಿನ ಕಾಲಿನ ಮೂಳೆಗೆ ಅಂಟುವ ಗಟ್ಟಿ ಪಟ್ಟಿ, ಟೆಂಡನ್, ಇದೆಯಲ್ಲ, ಪ್ರತಿ ಜಿಗಿತಕ್ಕೂ ಅದು ಆ ಜಾಗವನ್ನು ಎಳೆಯುತ್ತದೆ. ಅಲ್ಲಿನ ಮೂಳೆ ಇನ್ನೂ ಗಟ್ಟಿಯಾಗಿರುವುದಿಲ್ಲ. ದಿನಾ ಅದೇ ಜಿಗಿತ, ಅದೇ ಕಾಂಕ್ರೀಟ್ ಕೋರ್ಟ್ ಆದರೆ ಮಂಡಿಯ ಕೆಳಗೆ ಗಂಟು ಎದ್ದು ನೋಯುತ್ತದೆ. ಆಸ್ಗುಡ್-ಶ್ಲಾಟರ್ ಅನ್ನುತ್ತೇವೆ. "ಬೆಳೆಯೋ ನೋವು ಬಿಡಿ ಸರ್" ಅಂತ ಮನೆಯವರು ಅದರ ಮೇಲೇ ಆಡಿಸುತ್ತಾರೆ. ಸಾಮಾನ್ಯವಾಗಿ ಗಂಭೀರ ಏನಲ್ಲ, ಜಿಗಿತ ಕಮ್ಮಿ ಮಾಡಿ, ತೊಡೆಯ ಸ್ನಾಯುವಿಗೆ ಸರಿಯಾದ ವ್ಯಾಯಾಮ ಕೊಟ್ಟರೆ ತಗ್ಗುತ್ತದೆ. ಕಮ್ಮಿ ಮಾಡಲು ಮನೆಯವರು, ಕೋಚ್ ಒಪ್ಪಬೇಕಲ್ಲ.

ಹಾಗಂತ "ಸರಿ, ಬಹು ಆಟ ಒಳ್ಳೆಯದು" ಅಂತ ಬೆಳಿಗ್ಗೆ ಬಾಸ್ಕೆಟ್‌ಬಾಲ್ ಅಕಾಡೆಮಿ, ಸಂಜೆ ಬ್ಯಾಡ್ಮಿಂಟನ್ ಕೋಚಿಂಗ್, ವಾರಾಂತ್ಯ ಫುಟ್‌ಬಾಲ್ ಲೀಗ್ ಹಾಕುವವರೂ ಇದ್ದಾರೆ. ಬೆಂಗಳೂರಿನಲ್ಲಿ ಇದು ಈಚೆಗೆ ಜಾಸ್ತಿ. ಇದು ನ್ಯಾಶ್ ದಾರಿ ಅಲ್ಲ. ಮೂರೂ ಆಟ ಅದೇ ಮಂಡಿಯನ್ನೇ ತಿನ್ನುತ್ತವೆ, ಮೂರು ಕಡೆಯ ಕೋಚ್‌ಗಳಿಗೂ ಉಳಿದ ಇಬ್ಬರು ಎಷ್ಟು ಓಡಿಸಿದ್ದಾರೆ ಅಂತ ಗೊತ್ತಿರುವುದಿಲ್ಲ. ಋತು ಬದಲಾದ ಹಾಗೆ ಆಟ ಬದಲಾಗಬೇಕು, ಸುಮ್ನೆ ಗಲ್ಲಿಯಲ್ಲಿ ಆಡುವ ಹೊತ್ತೂ ಇರಬೇಕು. ಒಂದು ಒರಟು ಲೆಕ್ಕ ಹೇಳುತ್ತೇನೆ: ವಾರಕ್ಕೆ ಕೋಚಿಂಗ್ ಗಂಟೆಗಳು ಮಗುವಿನ ವಯಸ್ಸನ್ನು ದಾಟಬಾರದು. 11 ವರ್ಷದವರಿಗೆ 11 ಗಂಟೆ, ಎಲ್ಲ ಆಟ ಸೇರಿಸಿ. ವಾರಕ್ಕೆ ಒಂದೆರಡು ದಿನ ಪೂರ್ತಿ ರಜೆ. ಎನ್‌ಬಿಎ ಮತ್ತು ಅಮೆರಿಕದ ಬಾಸ್ಕೆಟ್‌ಬಾಲ್ ಸಂಸ್ಥೆ ಸೇರಿ 2016ರಲ್ಲಿ ಕೊಟ್ಟ ಸಲಹೆಯಲ್ಲೇ 14 ವರ್ಷದ ತನಕ ಈ ಆಟ ಒಂದಕ್ಕೇ ಮಗುವನ್ನು ಕಟ್ಟಿಹಾಕಬೇಡಿ ಅಂತಿದೆ. ಅದೇ ವರ್ಷ ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ 15-16ರ ತನಕ ಕಾಯಿರಿ ಅಂದಿತು. ಜಿಮ್ನಾಸ್ಟಿಕ್ಸ್‌ನಂಥ ಕೆಲವು ಆಟಗಳ ಲೆಕ್ಕ ಬೇರೆ, ಅದನ್ನು ಇಲ್ಲಿ ಎಳೆಯುವುದಿಲ್ಲ.

ಮತ್ತೆ ನ್ಯಾಶ್‌ಗೆ ಬರೋಣ. ಒಂದೇ ಆಟ ಅಂತ ಕೂತ ಮೇಲೆ ಅವರು ಬಿಡಲಿಲ್ಲ. ಹೈಸ್ಕೂಲ್ ಕೋಚ್ 30ಕ್ಕೂ ಹೆಚ್ಚು ಅಮೆರಿಕನ್ ಕಾಲೇಜುಗಳಿಗೆ ಪತ್ರ ಬರೆದರು. ಸ್ಕಾಲರ್‌ಶಿಪ್ ಕೊಟ್ಟಿದ್ದು ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಒಂದೇ. ಕ್ಯಾಂಪಸ್ಸಿನಲ್ಲಿ ಟೆನಿಸ್ ಚೆಂಡು ಡ್ರಿಬಲ್ ಮಾಡುತ್ತಾ ಓಡಾಡುತ್ತಿದ್ದ ಹುಡುಗ, 1993ರ ರಾಷ್ಟ್ರೀಯ ಕಾಲೇಜು ಟೂರ್ನಿಯಲ್ಲಿ 15ನೇ ಶ್ರೇಯಾಂಕದ ತನ್ನ ತಂಡ 2ನೇ ಶ್ರೇಯಾಂಕದ ಅರಿಜೋನಾವನ್ನು 64-61ರಿಂದ ಕೆಡವಿದಾಗ ಕೊನೆಯ ಅರ್ಧ ನಿಮಿಷದಲ್ಲಿ ಸತತ ಆರು ಫ್ರೀ ಥ್ರೋ (ಫೌಲ್ ಆದಾಗ ಸಿಗುವ, ಯಾರೂ ತಡೆಯದ ಎಸೆತ) ಹಾಕಿದ. ಎನ್‌ಬಿಎ ತಂಡಗಳು ಹೊಸಬರನ್ನು ಸರದಿಯಂತೆ ಆರಿಸುವ 1996ರ ಡ್ರಾಫ್ಟ್‌ನಲ್ಲಿ 15ನೆಯವನಾಗಿ ಫೀನಿಕ್ಸ್ ಸನ್ಸ್‌ಗೆ ಹೋದ. ಆಮೇಲೆ ಡಲ್ಲಾಸ್. 30 ದಾಟಿದ ದೇಹ ಎಷ್ಟು ದಿನ ಬಾಳುತ್ತೆ ಅಂತ 2004ರಲ್ಲಿ ಡಲ್ಲಾಸ್ ಅನುಮಾನ ಪಟ್ಟಿತು. ಫೀನಿಕ್ಸ್‌ಗೆ ವಾಪಸ್ ಹೋಗಿ 2005, 2006 ಎರಡೂ ವರ್ಷ ಎಂವಿಪಿ. ಒಟ್ಟು 10,335 ಅಸಿಸ್ಟ್ (ಜೊತೆಯವರು ಬುಟ್ಟಿಗೆ ಹಾಕಲು ಕೊಟ್ಟ ಪಾಸ್), ಫ್ರೀ ಥ್ರೋ ಶೇ 90ಕ್ಕೂ ಮೇಲೆ.

ಇದೆಲ್ಲ ಆಡಿದ್ದು ಬೆನ್ನಿನ ತೊಂದರೆ ಇಟ್ಟುಕೊಂಡು. ಬೆನ್ನುಮೂಳೆಯ ಒಂದು ಮಣಿ (ಕಶೇರು) ಮುಂದಕ್ಕೆ ಜಾರುವ ಸ್ಪಾಂಡಿಲೋಲಿಸ್ಥೆಸಿಸ್. ಬದಲಿ ಆಟಗಾರ ಒಳಗೆ ಹೋದಾಗ ನ್ಯಾಶ್ ಬೆಂಚಿನ ಮೇಲೆ ಕೂರುತ್ತಿರಲಿಲ್ಲ, ಕೋರ್ಟ್ ಪಕ್ಕ ನೆಲದ ಮೇಲೆ ಅಂಗಾತ ಮಲಗುತ್ತಿದ್ದರು. ಕೂತರೆ ಬೆನ್ನು ಬಿಗಿಯುತ್ತದೆ. ಅವರ ಫಿಸಿಯೋ ರಿಕ್ ಸೆಲೆಬ್ರಿನಿ ಕೂಡ ಮೊದಲು ಫುಟ್‌ಬಾಲ್ ಆಟಗಾರ, ಅದು ಬೇರೆ ಮಾತು. ಹದಿಹರೆಯದವರಿಗೆ ಹಿಂದಕ್ಕೆ ಬಾಗಿದಾಗ ಸೊಂಟ ನೋಯುತ್ತಿದ್ದು, ಎರಡು ಮೂರು ವಾರವಾದರೂ ಹೋಗದಿದ್ದರೆ ಮುಲಾಮು ಹಚ್ಚುತ್ತಾ ಕೂರಬೇಡಿ. ಸೊಂಟದ ಭಾಗದ ಬೆನ್ನುಮೂಳೆಯಲ್ಲಿ ಸಣ್ಣ ಬಿರುಕು ಇರಬಹುದು, ತೋರಿಸಿ.

ಕೋಚ್ ನ್ಯಾಶ್ ಕಥೆ ಅಷ್ಟು ಸಲೀಸಲ್ಲ. 2015ರಿಂದ ಗೋಲ್ಡನ್ ಸ್ಟೇಟ್ ತಂಡಕ್ಕೆ ಸಲಹೆಗಾರ ಆಗಿದ್ದರು, ಆದರೆ ಸಹಾಯಕ ಕೋಚ್ ಆಗಿಯೂ ಯಾವ ತಂಡದಲ್ಲೂ ಕೆಲಸ ಮಾಡಿರಲಿಲ್ಲ. 2020ರಲ್ಲಿ ಬ್ರೂಕ್ಲಿನ್ ನೆಟ್ಸ್ ಅವರನ್ನು ನೇರವಾಗಿ ಮುಖ್ಯ ಕೋಚ್ ಮಾಡಿತು. ಆ ತಂಡದಲ್ಲಿ ದೊಡ್ಡ ತಾರೆಗಳು: ಡ್ಯುರಾಂಟ್, ಅರ್ವಿಂಗ್, ಆಮೇಲೆ ಹಾರ್ಡನ್. 2021ರಲ್ಲಿ ಮಿಲ್ವಾಕೀ ವಿರುದ್ಧ ಪ್ಲೇಆಫ್ ಸರಣಿಯ ಏಳನೇ ಪಂದ್ಯದ ಕೊನೆ ಕ್ಷಣದಲ್ಲಿ ಡ್ಯುರಾಂಟ್ ಕಾಲ್ಬೆರಳು ಮೂರು ಪಾಯಿಂಟಿನ ಗೆರೆ ಮುಟ್ಟಿತ್ತು, ಮೂರು ಪಾಯಿಂಟ್ ಆಗಬೇಕಿದ್ದ ಶಾಟ್ ಎರಡಾಯಿತು, ಓವರ್‌ಟೈಮ್‌ನಲ್ಲಿ ಸೋತರು. ಮುಂದಿನ ವರ್ಷ ಬಾಸ್ಟನ್ 4-0 ಅಂತರದಲ್ಲಿ ಗುಡಿಸಿ ಹಾಕಿತು. ಬಾಸ್ಟನ್ ಕೋಚ್ ಇಮೇ ಉಡೋಕಾ ಹಿಂದಿನ ಸೀಸನ್‌ನಲ್ಲಿ ನ್ಯಾಶ್ ಕೈಕೆಳಗೇ ಸಹಾಯಕನಾಗಿದ್ದವರು! ಉಡೋಕಾ ಅದಕ್ಕೂ ಮೊದಲು ವರ್ಷಗಟ್ಟಲೆ ಸಹಾಯಕರ ಬೆಂಚಿನಲ್ಲಿ ಕೂತು ಕೆಲಸ ಕಲಿತಿದ್ದರು. 2022ರ ನವೆಂಬರ್ 1ಕ್ಕೆ ನ್ಯಾಶ್ ಹೊರಬಂದರು, 94 ಗೆಲುವು, 67 ಸೋಲು. ತಪ್ಪೆಲ್ಲ ಅವರದೇ ಅನ್ನಲಾರೆ. ಅರ್ವಿಂಗ್ ಲಸಿಕೆ ಹಾಕಿಸಿಕೊಳ್ಳದೆ ಎಷ್ಟೋ ಪಂದ್ಯ ಹೊರಗಿದ್ದರು, ಹಾರ್ಡನ್ ನಡುವೆಯೇ ಬೇರೆ ತಂಡಕ್ಕೆ ಹೋದರು. ಆದರೂ ಪಾದಕ್ಕೆ ತಾನಾಗಿ ಗೊತ್ತಿರುವುದನ್ನು ಇನ್ನೊಬ್ಬರಿಗೆ ಹೇಳಿಕೊಡುವುದು ಬೇರೆಯೇ ವಿದ್ಯೆ. ಅದನ್ನೂ ಕೆಳಗಿನಿಂದಲೇ ಕಲಿಯಬೇಕು.

ಮಂಡಿ ಕೈಕೊಟ್ಟು ಆಟ ಬಿಡುವ ಹಂತಕ್ಕೆ ಬಂದ ಹುಡುಗರು "ಕೋಚ್ ಆಗ್ತೀನಿ ಬಿಡಿ" ಅನ್ನುತ್ತಾರೆ. ಆಗಿ. ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಕೋಚಿಂಗ್ ಡಿಪ್ಲೊಮಾ ಮಾಡಿ, ಅದಕ್ಕೂ ಮೊದಲು ಒಂದು ಸೀಸನ್ ಹತ್ತು ವರ್ಷದ ಮಕ್ಕಳ ಬ್ಯಾಚಿಗೆ ಸಹಾಯಕರಾಗಿ ನಿಲ್ಲಿ. ಸರ್ಕಾರಿ ಶಾಲೆಯ ಪಿಟಿ ಮೇಷ್ಟ್ರು ಕಬಡ್ಡಿ, ಖೋ ಖೋ, ವಾಲಿಬಾಲ್ ಎಲ್ಲ ಒಬ್ಬರೇ ಆಡಿಸುತ್ತಿದ್ದರಲ್ಲ, ಅದನ್ನು ನೆನಪು ಮಾಡಿಕೊಂಡು ವಾರಕ್ಕೊಂದು ದಿನ ಚೆಂಡು ಪಕ್ಕಕ್ಕಿಟ್ಟು ಖೋ ಖೋ ಆಡಿಸಿ. ಗಕ್ಕನೆ ನಿಂತು ದಿಕ್ಕು ಬದಲಿಸುವುದನ್ನು ಅಷ್ಟು ಚೆನ್ನಾಗಿ ಕಲಿಸುವ ಡ್ರಿಲ್ ನನಗಂತೂ ಗೊತ್ತಿಲ್ಲ. "ಬಾಸ್ಕೆಟ್‌ಬಾಲ್‌ಗೆ ಫೀಸು ಕಟ್ಟಿದ್ದೀವಿ" ಅಂತ ಯಾರಾದರೂ ಅಪ್ಪ ಜಗಳಕ್ಕೆ ಬಂದರೆ ನನ್ನ ಹತ್ತಿರ ಕಳಿಸಿ.